ನೀರು ಇಳಿದ ಮೇಲೆ ಸತ್ತವನು

ನೀಲಮಳ ಕೈಗೆ ಕೊಟ್ಟ ನಮೂನೆಯಲ್ಲಿ ನೂರಾ ಹನ್ನೆರಡು ಪ್ರಶ್ನೆಗಳಿದ್ದವು. ಸತ್ತವರ ಪ್ರಶ್ನೆ ನಲವತ್ತೊಂದನೆಯದು. ಅದಕ್ಕಿಂತ ಮೊದಲು ಎಮ್ಮೆ, ಆಕಳು, ಕೋಳಿ, ಪಂಪ್‌ಸೆಟ್ಟು, ಟ್ರ್ಯಾಕ್ಟರು, ನಿಂತ ಕಬ್ಬು, ದ್ರಾಕ್ಷಿಯ ಕಂಬ ಎಲ್ಲ ಬಂದು ಹೋಗುತ್ತಿದ್ದವು. ಮನುಷ್ಯ ಆಮೇಲೆ.

ಎರಡು ಸಾವಿರದ ಐದನೆಯ ಇಸವಿಯ ನವೆಂಬರ್ ಅದು. ಕೃಷ್ಣೆ ಉಕ್ಕಿ ಇಳಿದು ಮೂರು ತಿಂಗಳಾಗಿತ್ತು. ಹೊರಗಿನ ಒಂದು ಸಂಶೋಧನಾ ಸಂಸ್ಥೆ ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳ ಹನ್ನೆರಡು ಊರುಗಳನ್ನು ಆರಿಸಿಕೊಂಡು ಮಹಾಪೂರದ ಅಧ್ಯಯನಕ್ಕೆ ಇಳಿದಿತ್ತು. ಜನ ಹೇಗೆ ತಾಳಿಕೊಂಡರು, ಯಾರು ಯಾರಿಗೆ ನೆರವಾದರು, ಸರ್ಕಾರ ಎಷ್ಟು ಹೊತ್ತಿಗೆ ಬಂತು, ಮುಂದೆ ಹೀಗಾದರೆ ಏನು ಮಾಡಬೇಕು. ಕನ್ನಡ ಮರಾಠಿ ಎರಡೂ ಬಲ್ಲ, ಕಲಿತ ಹುಡುಗ ಹುಡುಗಿಯರು ಅವರಿಗೆ ಬೇಕಾಗಿತ್ತು. ನೀಲಮ ಧಾರವಾಡದಲ್ಲಿ ಎಂ.ಎ. ಎರಡನೆಯ ವರ್ಷದಲ್ಲಿದ್ದವಳು. ಆಗಸ್ಟಿನಲ್ಲಿ ಅಪ್ಪ ಸತ್ತ ಮೇಲೆ ಹಾಸ್ಟೆಲಿಗೆ ಮರಳಿರಲಿಲ್ಲ. ಅವಳ ಮೇಷ್ಟ್ರು ಒಂದು ಪತ್ರ ಬರೆದುಕೊಟ್ಟರು, ಕೆಲಸ ಸಿಕ್ಕಿತು. ಹನ್ನೆರಡು ಊರುಗಳ ಪೈಕಿ ಅವಳ ಊರು ಹೊಳಿಮಾಸಗಿಯೂ ಒಂದು.

ಚಿಕ್ಕೋಡಿಯಲ್ಲಿ ಮೂರು ದಿನ ತರಬೇತಿ. ಕಲಿಸಿದವರು ಸೀಮಾ ಮೇಡಂ. ಅಥಣಿ ಕಡೆಯ ಒಕ್ಕಲುತನದ ಮನೆಯ ಮಗಳು, ಡಾಕ್ಟರೇಟ್ ಮಾಡಿದವರು. ಮೆಲ್ಲಗೆ ಮಾತಾಡುತ್ತಿದ್ದರು. ಯಾರನ್ನೂ ಗದರುತ್ತಿರಲಿಲ್ಲ.

"ಉತ್ತರ ಅವರ ಬಾಯಾಗ ನೀವು ಇಡಬ್ಯಾಡ್ರಿ," ಎಂದು ಹೇಳಿದರು. "ಹೌದು ಹೌದು ಅಂತ ತಲಿ ಅಲ್ಲಾಡಿಸಬ್ಯಾಡ್ರಿ. ನೀವು ತಲಿ ಅಲ್ಲಾಡಿಸಿದ್ರ ನಿಮಗ ಬೇಕಾದ್ದ ಅವರು ಹೇಳ್ತಾರ. ಅವರು ಅಳಾಕ ಹತ್ತಿದ್ರ ಪೆನ್ನು ಕೆಳಗ ಇಟ್ಟು ಸುಮ್ಮನ ಕೂಡ್ರಿ. ಅವರಾಗೇ ಸುಧಾರಿಸಿಕೊಂಡ ಮ್ಯಾಲ ಮುಂದಿನ ಪ್ರಶ್ನೆ."

ನೀಲಮಳಿಗೆ ಈ ಮಾತು ಹಿಡಿಸಿತು. ಸರಿಯಾಗಿ ಕೇಳಿ ಸರಿಯಾಗಿ ಬರೆದದ್ದು ಲೋಕದಲ್ಲಿ ಉಳಿಯುತ್ತದೆ ಎಂದು ಅವಳು ನಂಬಿದ್ದಳು. ಊರಾಚೆಯ ತನ್ನ ದಲಿತರ ಓಣಿ ಭೀಮನಗರದ ಬಗ್ಗೆ ಈವರೆಗೆ ಯಾರೂ ಏನನ್ನೂ ಸರಿಯಾಗಿ ಕೇಳಿರಲಿಲ್ಲ. ಈಗ ಕೇಳುತ್ತಾರೆ ಅಂದುಕೊಂಡಳು.

ಎರಡನೆಯ ದಿನ ನಲವತ್ತೊಂದನೆಯ ಪ್ರಶ್ನೆ ಬಂತು. ಪ್ರವಾಹದ ಸಾವು ಎಂದರೆ ಏನು ಎಂದು ಸೀಮಾ ಮೇಡಂ ಬರೆಸಿದರು. ನೀರು ಊರೊಳಗೆ ಬಂದ ದಿನದಿಂದ ಊರು ಬಿಟ್ಟು ಹೋದ ದಿನದವರೆಗೆ ಆದ ಸಾವು. ಮುಳುಗಿ, ಗೋಡೆ ಬಿದ್ದು, ಹಾವು ಕಚ್ಚಿ, ಕರೆಂಟು ಹೊಡೆದು. ಉಳಿದದ್ದು ರೋಗದ ಕಾಲಮ್ಮಿಗೆ.

ನೀಲಮ ಬರೆದುಕೊಂಡಳು. ಹೊಳಿಮಾಸಗಿಯಲ್ಲಿ ನೀರು ಬಂದದ್ದು ಆಗಸ್ಟ್ ಒಂದಕ್ಕೆ, ಇಳಿದದ್ದು ಒಂಬತ್ತಕ್ಕೆ. ಅಪ್ಪ ಭರಮು ಸತ್ತದ್ದು ಇಪ್ಪತ್ತಾರಕ್ಕೆ, ಮಿರಜಿನ ದವಾಖಾನೆಯಲ್ಲಿ. ಆಗ ಅವಳು ಏನೂ ಕೇಳಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟೇ. ಊರಿನ ಕೆಸರು ಬಳಿಯುವಾಗ ಅಪ್ಪನಿಗೆ ಜ್ವರ ಬಂತು, ಕಾಮಣಿಯಾಗಿ ಮೈ ಹಳದಿಯಾಯಿತು, ಉಚ್ಚೆ ನಿಂತಿತು. ದಾರಿಗಳೆಲ್ಲ ಕಿತ್ತುಹೋಗಿದ್ದವು, ಅವಳಿಗೆ ಸುದ್ದಿ ಮುಟ್ಟಿದ್ದು ತಡವಾಗಿ. ಅವಳು ಮಿರಜಿಗೆ ಓಡಿಬಂದಾಗ ಅಪ್ಪ ಅರಿಷಿಣದ ಬಣ್ಣದ ಕಣ್ಣು ತೆರೆದು, "ಪರೀಕ್ಷೆ ಯಾವಾಗ ಐತಿ?" ಎಂದಷ್ಟೇ ಕೇಳಿದ್ದ. ಮರುದಿನ ಹೋದ.

ಜ್ವರ ಯಾರಿಗಾದರೂ ಬರುತ್ತದೆ. ಹಾಗೆಂದು ಅವಳು ಮನಸ್ಸನ್ನು ಕಟ್ಟಿಕೊಂಡಿದ್ದಳು.

ಹೊಳಿಮಾಸಗಿಯಲ್ಲಿ ಮನೆಗಳನ್ನು ಚೀಟಿ ಎತ್ತಿ ಆರಿಸಿದರು. ಭೀಮನಗರದ ನಾಲ್ಕು ಚೀಟಿಗಳಲ್ಲಿ ಒಂದು ನೀಲಮಳ ಅವ್ವ ತುಳಸವ್ವ ಭರಮು ಕಾಂಬಳೆಯ ಮನೆ. ಸ್ವಂತ ಮನೆಗೆ ತಾನೇ ಹೋಗಿ ಪ್ರಶ್ನೆ ಕೇಳುವಂತಿಲ್ಲ ಎಂಬ ನಿಯಮವಿತ್ತು. ಅದು ಸರಿಯಾದ ನಿಯಮವೇ. ಹಾಗಾಗಿ ಬೇಡಕಿಹಾಳದಿಂದ ಬಂದಿದ್ದ ಶಿವರಾಜ ಎಂಬ ಹುಡುಗನಿಗೆ ಭೀಮನಗರದ ನಾಲ್ಕೂ ಮನೆ ಬಂದವು.

ಸಂಜೆ ಎಲ್ಲರೂ ಶಾಲೆಯ ಕೋಣೆಯಲ್ಲಿ ಕುಳಿತು ಒಬ್ಬರ ನಮೂನೆಯನ್ನು ಇನ್ನೊಬ್ಬರು ತಪಾಸಣೆ ಮಾಡಬೇಕು. ಶಿವರಾಜನ ಕಟ್ಟು ನೀಲಮಳಿಗೆ ಬಂತು. ಮೂರನೆಯದು ಅವಳ ಮನೆಯದು. ಪ್ರಶ್ನೆ ನಲವತ್ತೊಂದು. ಉತ್ತರ ಸೊನ್ನೆ. ಸೊನ್ನೆ ದುಂಡಗೆ, ಚಂದ ಬರೆದಿತ್ತು.

"ನಮ್ಮವ್ವ ಏನ್ ಹೇಳಿದ್ಳು ಇದಕ್ಕ?"

"ಗಂಡ ಸತ್ತಾನ ಅಂದ್ಳು," ಎಂದ ಶಿವರಾಜ. "ಯಾವಾಗ ಅಂದೆ. ನೀರ ಇಳದ ಮ್ಯಾಲ, ಜ್ವರ ಬಂದು ಅಂದ್ಳು. ಹಂಗಾಗಿ ಸೊನ್ನಿ."

"ಒಳಗ ಕೂತು ಕೇಳಿದಿ?"

"ಬಾಗಲದಾಗ ನಿಂತು ಕೇಳಿದೆ. ಹೊತ್ತಾಗಿತ್ತು." ಅವನು ಬೇರೆ ಕಡೆ ನೋಡಿದ. ಕೆಟ್ಟ ಹುಡುಗನಲ್ಲ. ಆದರೆ ಆ ನಾಲ್ಕೂ ಮನೆಗಳ ಒಳಗೆ ಅವನು ಕಾಲಿಟ್ಟಿರಲಿಲ್ಲ, ನೀರು ಕುಡಿದಿರಲಿಲ್ಲ.

ನೀಲಮ ನಮೂನೆ ಹಿಡಿದುಕೊಂಡು ಸೀಮಾ ಮೇಡಂ ಹತ್ತಿರ ಹೋದಳು.

"ಮೇಡಂ, ಇಲ್ಲಿ ಒಂದು ಬರೀಬೇಕ್ರಿ."

ಸೀಮಾ ಮೇಡಂ ಓದಿದರು. ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನನಗ ಗೊತ್ತಿರಲಿಲ್ಲ, ನೀಲಮ. ತಂದಿ ತೀರಿಕೊಂಡಾರ ಅಂತ ಅಷ್ಟ ಗೊತ್ತಿತ್ತು. ಆದ್ರ ವ್ಯಾಖ್ಯೆ ಅಂದ್ರ ವ್ಯಾಖ್ಯೆ. ಹನ್ನೆರಡೂ ಊರಿಗೆ ಒಂದ ಅಳತಿ ಇರಬೇಕು. ಒಂದ ಊರಿಗೆ ಒಂದು, ಇನ್ನೊಂದ ಊರಿಗೆ ಇನ್ನೊಂದು ಅಂದ್ರ ಹೋಲಿಸಾಕ ಬರೂದಿಲ್ಲ."

"ಈ ಅಳತಿ ಯಾರ್ ಮಾಡಿದ್ದ್ರಿ?"

"ತಜ್ಞರ ಸಮಿತಿ."

"ಅವರೊಳಗ ಹೊಳಿ ದಂಡಿ ಮ್ಯಾಲ ಮನಿ ಇದ್ದಾವರು ಯಾರರ ಅದಾರೇನ್ರಿ?"

ಸೀಮಾ ಮೇಡಂ ನಮೂನೆಯನ್ನು ಕಟ್ಟಿನೊಳಗೆ ಇಟ್ಟರು. "ನೂರಕ್ಕ ಹತ್ತು ಮನಿ ನಾನ ಖುದ್ದ ಮತ್ತೊಮ್ಮೆ ಕೇಳಬೇಕು. ನಾಳೆ ನಿಮ್ಮ ಮನಿಗೆ ಬರ್ತೀನಿ. ನೀ ಬರಕೊ. ಕೇಳೂದು ನಾ ಕೇಳ್ತೀನಿ," ಎಂದರು.

ಮರುದಿನ ಬೆಳಿಗ್ಗೆ ಬಂದರು. ಒಳಗೆ ಬಂದು ಚಾಪೆಯ ಮೇಲೆ ಕೂತರು. ತುಳಸವ್ವ ಕೊಟ್ಟ ಚಹಾ ಕುಡಿದರು. ಗೋಡೆಯ ಮೇಲೆ ನೀರು ನಿಂತ ಗುರುತು ಆಳೆತ್ತರಕ್ಕಿತ್ತು. ಅದರ ಮೇಲೆ ಬಾಬಾಸಾಹೇಬರ ಫೋಟೋ. ಊರು ಬಿಡುವಾಗ ತುಳಸವ್ವ ಮನೆಯಿಂದ ತೆಗೆದುಕೊಂಡು ಹೋದದ್ದು ಎರಡೇ. ಆ ಫೋಟೋ, ಮಗಳ ಮಾರ್ಕ್ಸ್ ಕಾರ್ಡು.

ತುಳಸವ್ವ ಐವತ್ತರ ಹೆಣ್ಣುಮಗಳು. ಹದಿಮೂರು ವಯಸ್ಸಿಗೆ ಕಬ್ಬಿನ ಹೊಲಕ್ಕೆ ಇಳಿದವಳು. ಅಂಗೈಯಲ್ಲಿ ಕಬ್ಬು ಕಡಿಯುವ ಕೊಯ್ತಾದ ಗಾಯಗಳು ಒಂದರ ಮೇಲೊಂದು ಕೂತು ಚರ್ಮ ಕಟ್ಟಿಗೆಯಂತಾಗಿತ್ತು. ಕೇಳಿದ್ದಕ್ಕೆಲ್ಲ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟಳು. ನೀಲಮ ಬರೆದುಕೊಂಡಳು. ಪ್ರಶ್ನೆ ಅರವತ್ತಮೂರು ಬಂತು.

"ತುಳಸವ್ವ, ನೀರು ಇಳದ ಮ್ಯಾಲ ಊರ ಸ್ವಚ್ಛ ಮಾಡೂ ಕೆಲಸದಾಗ ನಿಮ್ಮ ಮನ್ಯಾಗಿನವರು ಕೂಡಿದ್ರೇನು?"

"ಹೂನ್ರಿ, ಕೂಡಿದ್ರು."

"ಸ್ವಂತ ಮನಸ್ಸಿಂದ ಹೋಗಿದ್ರೋ, ಕೂಲಿಗೆ ಹೋಗಿದ್ರೋ?"

ನಮೂನೆಯಲ್ಲಿ ಎರಡು ಚೌಕಗಳಿದ್ದವು. ಒಂದು ಸ್ವಯಂಪ್ರೇರಣೆ, ಇನ್ನೊಂದು ಕೂಲಿ. ನೀಲಮ ಪೆನ್ನನ್ನು ಎರಡರ ನಡುವೆ ಹಿಡಿದು ಕಾದಳು.

"ಎರಡೂ ಅಲ್ರಿ," ಎಂದಳು ತುಳಸವ್ವ.

"ಹಂಗಂದ್ರ?"

ತುಳಸವ್ವ ಮಗಳ ಕಡೆ ನೋಡಲಿಲ್ಲ. ಸೀಮಾ ಮೇಡಂ ಮುಖವನ್ನೇ ನೋಡುತ್ತ ಹೇಳಿದಳು. "ನನ್ನ ಗಂಡ ಸತ್ತ ಎಮ್ಮಿ ಎಳ್ಯಾಕ ಹೋಗಿದ್ದ."

ನೀಲಮ ತಲೆ ಎತ್ತಿದಳು.

ಆ ಮನೆಯಿಂದ ಸುಮಾರು ಐವತ್ತು ವರ್ಷಗಳಿಂದ ಯಾರೂ ಸತ್ತ ದನ ಎಳೆಯಲು ಹೋಗಿರಲಿಲ್ಲ. ಅವಳ ಅಜ್ಜನ ಕಾಲಕ್ಕೆ ಭೀಮನಗರದ ಗಂಡಸರೆಲ್ಲ ಬೌದ್ಧ ದೀಕ್ಷೆ ತಗೊಂಡು, ಸತ್ತ ದನ ಎಳೆಯುವ ಹಗ್ಗಗಳನ್ನೂ ಸುಲಿಯುವ ಕತ್ತಿಗಳನ್ನೂ ಹೊತ್ತುಕೊಂಡು ಹೋಗಿ ಕೃಷ್ಣೆಗೆ ಎಸೆದಿದ್ದರು. ಊರು ಎರಡು ವರ್ಷ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಹೊಲದ ಸೊಪ್ಪು ಕುದಿಸಿ ತಿಂದರು. ನೀಲಮಳ ದೊಡ್ಡ ಅತ್ತೆ ಆ ಹಸಿವಿನಲ್ಲೇ ತೀರಿಕೊಂಡಳು. ಆದರೂ ಹಗ್ಗ ಮುಟ್ಟಲಿಲ್ಲ. ಅಪ್ಪ ಈ ಕತೆಯನ್ನು ವರ್ಷವರ್ಷವೂ ಹೇಳುತ್ತಿದ್ದ. ಹೇಳುವಾಗ ನೆಟ್ಟಗೆ ಕೂರುತ್ತಿದ್ದ. ಧಾರವಾಡದ ಹಾಸ್ಟೆಲಿಗೆ ಅವಳನ್ನು ಬಿಡಲು ಬಂದ ದಿನವೂ ಬಸ್ಸಿನಲ್ಲಿ ಇದನ್ನೇ ಹೇಳಿದ್ದ.

ತುಳಸವ್ವ ಮಾತು ಮುಂದುವರಿಸಿದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಅವಳಿಗೆ ನಿಲ್ಲಿಸಲು ಆಗಲಿಲ್ಲ.

ನೀರು ಇಳಿದಾಗ ಊರಲ್ಲಿ ಹತ್ತೊಂಬತ್ತು ದನ ಸತ್ತು ಬಿದ್ದಿದ್ದವು. ಎಮ್ಮೆಗಳೇ ಹೆಚ್ಚು. ಗೂಟಕ್ಕೆ ಕಟ್ಟಿದ್ದನ್ನು ಬಿಚ್ಚದೆ ಓಡಿಬಂದಿದ್ದರು. ಅವು ನಿಂತಲ್ಲೇ ಮುಳುಗಿ, ಊದಿ, ಕಾಲು ಮೇಲೆ ಮಾಡಿ ಬಿದ್ದಿದ್ದವು. ನಾತಕ್ಕೆ ಯಾರೂ ಊರೊಳಗೆ ಹೋಗುವಂತಿರಲಿಲ್ಲ. ಆಗಸ್ಟ್ ಹದಿನೈದಕ್ಕೆ ದೊಡ್ಡ ಅಧಿಕಾರಿಗಳು ಬಂದು ಝೆಂಡಾ ಏರಿಸುವವರಿದ್ದರು. ಪಂಚಾಯ್ತಿಯ ಹಳೆಯ ಅಧ್ಯಕ್ಷ, ಊರಿನ ದೊಡ್ಡ ಕಬ್ಬು ದ್ರಾಕ್ಷಿಯ ಸಾವಕಾರ ವಿರುಪಾಕ್ಷಪ್ಪ, ಮಾಳದ ಮೇಲಿನ ಗಂಜಿ ಕೇಂದ್ರಕ್ಕೆ ಬಂದ. ಊರಿನ ಮಂದಿ ಶಾಲೆಯ ಕೋಣೆಗಳಲ್ಲಿ ಇದ್ದರು. ಭೀಮನಗರದವರು ಹೊರಗೆ ತಗಡಿನ ಕೆಳಗೆ.

"ನಿಮ್ಮ ಗಂಡಸರ ಬರ್ರಿ, ದನಾ ಎಳೀಬೇಕು ಅಂದ್ರು," ಎಂದಳು ತುಳಸವ್ವ. "ನಾವು ಬಿಟ್ಟೀವ್ರಿ ಅಂದ ನನ್ನ ಗಂಡ. ಇದು ಆಪತ್ತಿನ ಕಾಲ, ಇಲ್ಲಿ ಜಾತಿ ಪಾತಿ ಇಲ್ಲ, ಬ್ಯಾನಿ ಹರಡತೈತಿ ಅಂದ್ರು. ಹಂಗಾದ್ರ ನಿಮ್ಮ ಹುಡುಗರೂ ಬರ್ಲಿ, ಕೂಡಿ ಎಳ್ಯೂಣು ಅಂದ. ಅವರಿಗೆ ರೂಢಿ ಇಲ್ಲ ಅಂದ್ರು. ನಮಗೂ ಇಲ್ರಿ, ನಾ ಹುಟ್ಟಿದ ಮ್ಯಾಲ ಒಂದು ದನಾ ಮುಟ್ಟಿಲ್ಲ ಅಂದ. ಅದಕ್ಕ ಸಾವಕಾರ್ರು ನಕ್ರು. ಅದೆಲ್ಲಿ ಹೋಗತೈತೋ, ರಕ್ತದಾಗ ಇರತೈತಿ ಅಂದ್ರು."

ಅಂದು ಸಂಜೆ ಗಂಜಿ ಭೀಮನಗರದ ಪಾಳಿ ಬರುವ ಹೊತ್ತಿಗೆ ಮುಗಿಯಿತು. ಮರುದಿನ ಅಕ್ಕಿ ಸೀಮೆಎಣ್ಣೆಯ ಲಾರಿ ಬಂತು. ಮೊದಲು ದನ ಎಳೆಯಿರಿ, ಆಮೇಲೆ ಅಕ್ಕಿ ಪಡೆಯುವ ಚೀಟಿ ಎಂದರು. ಭರಮುವಿನ ತಮ್ಮ ಸಂಭಾಜಿಯ ಸಣ್ಣ ಮಗಳು ಕಾಂಚನ ವಾಂತಿಭೇದಿಯಾಗಿ ನೆಲಕ್ಕೆ ಹತ್ತಿದ್ದಳು. ಗಂಜಿಯ ತಿಳಿಯೂ ಸಿಕ್ಕಲಿಲ್ಲ. ಮಧ್ಯಾಹ್ನದ ತನಕ ಭರಮು ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದ. ಆಮೇಲೆ ಎದ್ದ. ಅವನು ಎದ್ದದ್ದನ್ನು ನೋಡಿ ಉಳಿದ ಹನ್ನೊಂದು ಮಂದಿ ಎದ್ದರು. ತುಳಸವ್ವ ಒಬ್ಬೊಬ್ಬರ ಹೆಸರನ್ನೂ ಹೇಳಿದಳು.

"ಕೈಗೆ ಏನೂ ಕೊಡಲಿಲ್ರಿ. ಕಾಲಿಗೂ ಇಲ್ಲ. ಸೀಮೆಎಣ್ಣ್ಯಾಗ ತೊಯ್ಸಿದ ಅರಿವಿ ಮೂಗಿಗೆ ಕಟಗೊಂಡು ಹ್ವಾದ್ರು. ಕಾಲಿಗೆ ಹಗ್ಗಾ ಬಿಗದು ಜಗ್ಗಿದ್ರ ಕಾಲ ಕಿತ್ತ ಬರತಿತ್ತಂತ. ಹೊಟ್ಟಿಗೆ ಕೈ ಹಾಕಿ ನೂಕಬೇಕು. ತೊಗಲ ಕೈಯಾಗ ಬರತಿತ್ತು. ಒಂದು ಎಮ್ಮಿಗೆ ನಾಕ ಮಂದಿ. ಟೊಂಕದ ಮಟ ಕೆಸರು. ಹೊಳಿ ದಂಡಿಗೆ ಗುಂಡಿ ತಗದ್ರ ಗುಂಡ್ಯಾಗ ನೀರು. ಹಾಕಿದ ಹೆಣಾ ತೇಲತಿತ್ತು. ಮತ್ತ ಮ್ಯಾಲ ತಗದು ಮತ್ತೊಂದ ಕಡೆ ತಗ್ಗ ತೋಡಬೇಕು. ಸಾವಕಾರ್ರ ಹೊಲದಾಗ ಕಬ್ಬಿನ ಕೂಳಿ ಅಂಗಾಲಿಗೆ ಹೊಕ್ತು. ಆ ಗಾಯದಾಗ ಎರಡ ದಿನ ಕೆಲಸ ಮಾಡಿದ. ಐದ ದಿನ ಆತು. ಹದಿನೈದನೇ ತಾರೀಖಿಗೆ ಸಾಳ್ಯಾಗ ಝೆಂಡಾ ಹಾರಿಸಿ ಪೇಢೆ ಹಂಚಿದ್ರು. ಇವ ಹೊಳ್ಯಾಗ ನಿಂತು ಮೈ ತಿಕ್ಕೊಳ್ಳಾಕತ್ತಿದ್ದ. ಹಸಿ ಉಸುಕ ತಗೊಂಡು ತಿಕ್ಕಿದ. ರಗತ ಬರೂ ಹಂಗ ತಿಕ್ಕಿದ. ಸಾಕ ಬಾ ಅಂದೆ. ಬರಲಿಲ್ಲ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮನಿಗೆ ಬಂದು ಒಂದ ಮಾತ ಹೇಳಿದ. ನೀಲಿಗೆ ಹೇಳಬ್ಯಾಡ ಅಂದ. ಹನ್ನೆರಡೂ ಮಂದಿ ಹಂಗ ಆಣಿ ಮಾಡಿಕೊಂಡ್ರು, ಮಕ್ಕಳಿಗೆ ಹೇಳೂದಿಲ್ಲ ಅಂತ. ಮಿರಜಿನ ಡಾಕ್ಟರ ಕೇಳಿದ್ರು, ಸತ್ತ ಜನಾವರದ ನೀರಾಗ ಕೆಲಸ ಮಾಡ್ಯಾನೇನ ಅಂತ. ಅವರಿಗೆ ಹೇಳಿದೆ. ಅದರಿಂದನ ಈ ಜ್ವರ ಬಂದೈತಿ ಅಂದ್ರು. ಆಮ್ಯಾಲ ನಿಮಗ ಹೇಳಾಕತ್ತೀನಿ."

ಸೀಮಾ ಮೇಡಂ ತಲೆ ಅಲ್ಲಾಡಿಸಿದರು. ತಲೆ ಅಲ್ಲಾಡಿಸಬಾರದೆಂದು ಕಲಿಸಿದವರು ತಾವೇ ಎಂಬುದನ್ನು ಮರೆತಿದ್ದರು. ಅವರ ಕಣ್ಣು ತುಂಬಿತ್ತು.

ನೀಲಮ ಅಳಲಿಲ್ಲ. ಆ ಐದು ದಿನ ತಾನು ಹಾಸ್ಟೆಲಿನ ಮೆಸ್ಸಿನಲ್ಲಿ ಕೂತು ಅನ್ನ ಸಾರು ಉಂಡದ್ದು, ಪೇಪರಿನಲ್ಲಿ ಮಹಾಪೂರದ ಫೋಟೋ ನೋಡಿದ್ದು ನೆನಪಾಯಿತು. "ಇಲ್ಲಿ ಏನ ಬರೀಲ್ರಿ ಮೇಡಂ?" ಎಂದು ಎರಡು ಚೌಕಗಳನ್ನು ತೋರಿಸಿದಳು.

"ಸದ್ಯಕ್ಕ ಖಾಲಿ ಬಿಡು."

ನೀಲಮ ಖಾಲಿ ಬಿಡಲಿಲ್ಲ. ಅಂಚಿನಲ್ಲಿ, ಬಿಳಿ ಜಾಗದಲ್ಲಿ, ಬಲವಂತ ಎಂದು ಬರೆದಳು.

ಅಂದೇ ಮಧ್ಯಾಹ್ನ ಊರಿನ ಗುಂಪು ಚರ್ಚೆ ಇತ್ತು. ಗುಡಿಯ ಎದುರಿನ ಸಮುದಾಯ ಭವನದಲ್ಲಿ ಜಮಖಾನೆ ಹಾಸಿದ್ದರು. ಮನೆಮನೆ ತಿರುಗಿ ತುಂಬಿದ ಲೆಕ್ಕವನ್ನು ಊರಿನ ಬಾಯಿಂದ ಕೇಳಿ ತಾಳೆ ನೋಡುವುದು ಇದರ ಉದ್ದೇಶ. ಎಲ್ಲ ಜಾತಿಯವರೂ ಬರಬೇಕೆಂದು ಸೀಮಾ ಮೇಡಂ ಮುಂಚೆಯೇ ಹೇಳಿದ್ದರು. ಎಲ್ಲರೂ ಬಂದಿದ್ದರು. ಊರಿನವರು ಜಮಖಾನೆಯ ಮೇಲೆ. ಸಂಭಾಜಿ ಮತ್ತು ಭೀಮನಗರದ ಆರೇಳು ಗಂಡಸರು ಬಾಗಿಲ ಆಚೆ, ಮೆಟ್ಟಿಲ ಮೇಲೆ. ಒಳಗೆ ಬನ್ನಿರೆಂದು ಸೀಮಾ ಮೇಡಂ ಎರಡು ಸಲ ಕರೆದರು. "ಇಲ್ಲೇ ಆರಾಮ ಐತ್ರಿ," ಎಂದ ಸಂಭಾಜಿ.

ಮಾತನ್ನೆಲ್ಲ ಬರೆದುಕೊಳ್ಳುವ ಕೆಲಸ ನೀಲಮಳದು.

ವಿರುಪಾಕ್ಷಪ್ಪ ಶಾಂತವಾಗಿ ಮಾತಾಡುವ ಮನುಷ್ಯ. ಬಿಳಿ ಟೋಪಿ ಸರಿಮಾಡಿಕೊಂಡು, ನೀರು ಹೇಗೆ ಬಂತು, ಯಾವ ಓಣಿ ಮೊದಲು ಮುಳುಗಿತು, ದೋಣಿ ಎಷ್ಟು ಹೊತ್ತಿಗೆ ಬಂತು ಎಲ್ಲ ಹೇಳಿದ. ಎಲ್ಲವೂ ನಿಜವೇ. ಸೀಮಾ ಮೇಡಂ ಸ್ವಚ್ಛತೆಯ ಪ್ರಶ್ನೆ ಕೇಳಿದರು. ಯಾರು ಮಾಡಿದರು?

"ಊರ ಮಂದಿ ಎಲ್ಲಾರೂ ಕೂಡೇ ಮಾಡಿದ್ವಿ," ಎಂದ ವಿರುಪಾಕ್ಷಪ್ಪ. "ಹೊಳಿ ಬಂದು ನಮ್ಮನ್ನ ಒಂದು ಮಾಡ್ತು ನೋಡ್ರಿ. ಮ್ಯಾಲಿನವ ಕೆಳಗಿನವ ಅಂತ ಉಳೀಲಿಲ್ಲ. ಭೀಮನಗರದ ಮಂದಿ ಸುದ್ಧಾ ತಾವಾಗೇ ಮುಂದ ಬಂದ್ರು. ಯಾರೂ ಕರೀಲಾರದ ಬಂದ್ರು. ಅವರ ಉಪಕಾರ ಊರು ಮರಿಯೂದಿಲ್ಲ."

ನೀಲಮ ತಾವಾಗೇ ಎಂಬ ಅಕ್ಷರಗಳವರೆಗೆ ಬರೆದಿದ್ದಳು. ನಿಲ್ಲಿಸಿದಳು. ಪೆನ್ನಿಗೆ ಟೋಪಿ ಹಾಕಿದಳು.

ಸೀಮಾ ಮೇಡಂ ಅವಳ ಕಡೆ ನೋಡಿದರು. "ಬರಿ, ನೀಲಮ."

"ಬರಿಯೂದಿಲ್ರಿ."

"ಅವರು ಹೇಳಿದ್ದು ಅವರ ಮಾತು. ನಮ್ಮ ಕೆಲಸ ಬರಕೊಳ್ಳೂದು. ಆಮ್ಯಾಲ ತಾಳಿ ನೋಡೂಣು."

"ಸುಳ್ಳ ಅಂತ ನಿಮಗ ಗೊತ್ತೈತ್ರಿ. ಮುಂಜಾನೆ ಕೇಳೀರಿ. ನನ್ನ ಕೈಲೆ ಬರಸಬ್ಯಾಡ್ರಿ."

ಜಮಖಾನೆಯ ಮೇಲಿನವರು ಅವಳ ಕಡೆ ತಿರುಗಿದರು. ನೀಲಮ ಎದ್ದು ನಿಂತಳು. ಬಾಗಿಲ ಕಡೆ ತಿರುಗಿದಳು.

"ಕಾಕಾ, ನೀವು ತಾವಾಗೇ ಹೋಗಿದ್ರಿ?"

ಸಂಭಾಜಿ ನೆಲ ನೋಡಿದ. ಪಕ್ಕದವರೂ ನೆಲ ನೋಡಿದರು. ಸಂಭಾಜಿ ಎದ್ದು, ಧೋತರ ಕೊಡವಿಕೊಂಡು, ಹಿಂದೆ ನೋಡದೆ ಹೋಗಿಬಿಟ್ಟ. ಒಬ್ಬೊಬ್ಬರಾಗಿ ಉಳಿದವರೂ ಹೋದರು.

ನೀಲಮ ಒಬ್ಬಳೇ ಉಳಿದಳು. ಆದರೂ ಹೇಳಿದಳು. ಗಂಜಿ ಮುಗಿದದ್ದು ಹೇಳಿದಳು. ಅಕ್ಕಿಯ ಲಾರಿ, ಚೀಟಿ, ಹನ್ನೆರಡು ಮಂದಿಯ ಹೆಸರು. ರಕ್ತದಾಗ ಇರತೈತಿ ಎಂದ ಮಾತು. ಅಪ್ಪನ ಅಂಗಾಲು. ದನಿ ಏರಿಸಲಿಲ್ಲ. ಪಾಠ ಒಪ್ಪಿಸಿದಂತೆ ಒಂದೊಂದೇ ಹೇಳಿದಳು. "ನನ್ನ ಅಪ್ಪ ಹೊಳಿಗೆ ಸತ್ತಿಲ್ರಿ. ಈ ಊರಿಗೆ ಸತ್ತಾನ," ಎಂದಳು.

ವಿರುಪಾಕ್ಷಪ್ಪನ ಮುಖದಲ್ಲಿ ಸಿಟ್ಟು ಕಾಣಲಿಲ್ಲ. "ಹುಡುಗಿ ತಂದಿ ಸತ್ತ ದುಃಖದಾಗ ಐತ್ರಿ," ಎಂದ ಮೆಲ್ಲಗೆ. "ನಮ್ಮ ಊರ ಮಗಳ. ಇದನ್ನೆಲ್ಲಾ ಬರಕೋಬ್ಯಾಡ್ರಿ. ಚಹಾ ತರ್ಸಲೇನ್ರಿ?"

ಬರೆದುಕೊಳ್ಳಲು ಯಾರೂ ಇರಲಿಲ್ಲ. ನೀಲಮ ವಹಿ, ಪೆನ್ನು, ಕೊರಳಿನ ಗುರುತಿನ ಚೀಟಿ ಮೂರನ್ನೂ ಸೀಮಾ ಮೇಡಂ ಮುಂದೆ ಇಟ್ಟು ಹೊರಗೆ ನಡೆದಳು. ಶಿವರಾಜ ಬಾಗಿಲ ತನಕ ಬಂದು ನಿಂತ.

ಮನೆಯ ಮುಂದೆ ಸಂಭಾಜಿ ನಿಂತಿದ್ದ. ತುಳಸವ್ವ ಹೊಸ್ತಿಲಲ್ಲಿ ಕೂತಿದ್ದಳು. ಸಂಭಾಜಿ ಹೊಡೆಯುತ್ತಾನೇನೋ ಎಂಬಂತೆ ಹತ್ತಿರ ಬಂದ.

"ಯಾರ ಹೇಳಂದ್ರು ನಿನಗ?" ಎಂದ. "ಹನ್ನೆರಡ ಮಂದಿ ಎದಿಯಾಗ ಕಲ್ಲ ಇಟಗೊಂಡ ಮುಚ್ಚಿಟ್ಟಿದ್ವಿ. ನಿಮ್ಮಪ್ಪ ಅದನ್ನ ಮುಚ್ಚಕೊಂಡ ಸತ್ತ. ನೀ ಊರ ನಡುವ ಹೆಸರ ಹಿಡದ ಒದರಿದಿ. ನಾಳೆ ನನ್ನ ಮಗಳು ಹೆಂಗ ಸಾಳಿಗೆ ಹೋಗಬೇಕು? ಸತ್ತ ಎಮ್ಮಿ ಎಳದಾವನ ಮಗಳು ಅಂತ ಅನಿಸಿಗೊಂಡ ಕೂಡಬೇಕು?"

"ಕಾಕಾ, ತಪ್ಪ ಅವರದು. ನಾಚಿಕಿ ನಿಮಗ್ಯಾಕ?"

"ನಿನಗ ತಿಳಿಯೂದಿಲ್ಲ. ನೀ ಎಳದಿಲ್ಲ."

ನೀಲಮ ಸಂಭಾಜಿಯ ಕೈ ನೋಡಿದಳು. ಎಂದಿನ ಕೈಯೇ. ಅವನು ಅದನ್ನು ಹಿಂದಕ್ಕೆ ಕಟ್ಟಿಕೊಂಡ. ಅಂದಿನಿಂದ ಅವನು ಅವಳ ಜೊತೆ ಮಾತು ಬಿಟ್ಟ. ಎದುರು ಸಿಕ್ಕರೆ ದಾರಿ ಬದಲಿಸುತ್ತಿದ್ದ. ತುಳಸವ್ವನನ್ನು ವಿರುಪಾಕ್ಷಪ್ಪನ ಹೊಲಕ್ಕೆ ಯಾರೂ ಕರೆಯಲಿಲ್ಲ. ಅವಳು ಬೆಳಗಾಗುವ ಮೊದಲೇ ಎದ್ದು ಶಿರಗುಪ್ಪಿ ಕಡೆಯ ಹೊಲಗಳಿಗೆ ಕಬ್ಬು ಕಡಿಯಲು ನಡೆದು ಹೋಗತೊಡಗಿದಳು. ನೀಲಮಳೂ ಜೊತೆಗೆ ಹೋದಳು. ಎಂ.ಎ. ಓದಿದ ಕೈಗೆ ಎಂಟೇ ದಿನದಲ್ಲಿ ಬೊಕ್ಕೆ ಎದ್ದು ಒಡೆದವು.

ಫೆಬ್ರುವರಿಯಲ್ಲಿ ಅಂಚೆಯಲ್ಲಿ ಒಂದು ಪುಸ್ತಿಕೆ ಬಂತು. ಅಧ್ಯಯನದ ಸಾರಾಂಶ. ಹೊಳಿಮಾಸಗಿಯ ಸಾಲಿನಲ್ಲಿ ಸತ್ತ ಜಾನುವಾರು ಹತ್ತೊಂಬತ್ತು ಎಂದಿತ್ತು. ಸತ್ತ ಮನುಷ್ಯರು ಸೊನ್ನೆ. ಸಾಮುದಾಯಿಕ ಒಗ್ಗಟ್ಟು ಎಂಬ ಅಧ್ಯಾಯದಲ್ಲಿ, ಐದೇ ದಿನದಲ್ಲಿ ಸ್ವಚ್ಛವಾದ ಊರೆಂದು ಹೊಗಳಿದ್ದರು. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ. ಸ್ವಚ್ಛತಾ ಕಾರ್ಯದಲ್ಲಿ ಕೆಲವರ ಪಾಲ್ಗೊಳ್ಳುವಿಕೆ ಸ್ವಯಂಪ್ರೇರಿತವಾಗಿರಲಿಲ್ಲ ಎಂದು ಒಂದು ಮನೆಯವರು ತಿಳಿಸಿದರು. ಜೊತೆಗೆ ಸೀಮಾ ಮೇಡಂ ಕೈಬರಹದ ಚೀಟಿ. "ಇಷ್ಟು ಮಾತ್ರ ಉಳಿಸಿಕೊಳ್ಳಲು ನನ್ನಿಂದ ಆಯಿತು. ಕ್ಷಮಿಸು. ಪರೀಕ್ಷೆಗೆ ಕೂಡು."

ನೀಲಮ ಅವ್ವನಿಗೆ ಓದಿ ಹೇಳಿದಳು.

"ಅವನ ಹೆಸರ ಐತೇನು?" ಎಂದು ಕೇಳಿದಳು ತುಳಸವ್ವ.

"ಇಲ್ಲ."

ತುಳಸವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

ಏಪ್ರಿಲ್ ಬಿಸಿಲಿಗೆ ವಿರುಪಾಕ್ಷಪ್ಪನ ಮನೆಯ ಒಂದು ಮುದಿ ಎಮ್ಮೆ ಸತ್ತಿತು. ಅವನ ಆಳು ಭೀಮಸಿ ಭೀಮನಗರಕ್ಕೆ ಬಂದು ಸಂಭಾಜಿಯ ಮನೆಯ ಮುಂದೆ ನಿಂತ. ಸಂಭಾಜಿ ಕೊಯ್ತಾ ಮಸೆಯುತ್ತಿದ್ದ. ನೀಲಮ ತನ್ನ ಕಟ್ಟೆಯಿಂದ ನೋಡುತ್ತಿದ್ದಳು.

"ಸಾವಕಾರ್ರು ಕರ್ಯಾಕತ್ತಾರ," ಎಂದ ಭೀಮಸಿ. "ಎಮ್ಮಿ ಸತ್ತೈತಿ. ಇಬ್ಬರು ಬಂದ್ರ ಸಾಕು."

"ನಾವು ಎಳಿಯೂದಿಲ್ಲ."

"ಹೊಳಿ ಬಂದಾಗ ಎಳದೀರಲ್ಲ. ಆಗ ಹತ್ತೊಂಬತ್ತ ಆದ್ವು, ಈಗ ಒಂದಕ್ಕ ಏನಾತು?"

ಮಸೆಯುವ ಸಪ್ಪಳ ನಿಂತಿತು. ಸಂಭಾಜಿ ಬಹಳ ಹೊತ್ತು ಕೊಯ್ತಾದ ಬಾಯಿಯನ್ನೇ ನೋಡಿದ. "ಅದಕ್ಕ ಎಳಿಯೂದಿಲ್ಲ," ಎಂದ. "ಹೋಗಿ ಹೇಳು. ಅಕ್ಕಿ ನಿಲ್ಲಿಸಲಿ, ಕೆಲಸ ನಿಲ್ಲಿಸಲಿ. ನಮ್ಮಣ್ಣ ಸತ್ತಲ್ಲಿಗೆ ಮುಗೀತು ಅದು."

ಅವನು ನೀಲಮಳ ಕಡೆ ನೋಡಲಿಲ್ಲ. ಆದರೆ ಆ ಮಾತನ್ನು ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

ಭೀಮಸಿ ಓಣಿಯ ಮನೆಮನೆಗೂ ಹೋದ. ಯಾರೂ ಬರಲಿಲ್ಲ. ಎರಡು ದಿನ ಎಮ್ಮೆ ಹಿತ್ತಲಲ್ಲಿ ಬಿದ್ದಿತ್ತು. ಮೂರನೆಯ ದಿನ ಬೆಳಿಗ್ಗೆ ಒಂದು ಹಳದಿ ಜೆಸಿಬಿ ಬಂತು. ಹೊಲದ ಮೂಲೆಯ ಬರಡು ನೆಲದಲ್ಲಿ ಗುಂಡಿ ತೋಡಿತು. ಹಿತ್ತಲಿಗೆ ಹೋಗಿ ಎಮ್ಮೆಯನ್ನು ಬಕೆಟ್ಟಿನಲ್ಲಿ ಎತ್ತಿ ತಂದು ಗುಂಡಿಗೆ ಇಳಿಸಿ, ಮಣ್ಣು ಎಳೆಯಿತು.

ತುಳಸವ್ವ ನೀಲಮ ಇಬ್ಬರೂ ಆ ದಾರಿಯಲ್ಲೇ ಕೆಲಸಕ್ಕೆ ಹೊರಟಿದ್ದರು. ತುಳಸವ್ವ ನಿಂತಳು. ಶುರುವಿನಿಂದ ಕೊನೆಯವರೆಗೂ ನೋಡಿದಳು. ಮಣ್ಣು ಸಮನಾದ ಮೇಲೆ ಗಾಡಿಯ ಹತ್ತಿರ ಹೋದಳು. ಚಾಲಕ ಮಿರಜ ಕಡೆಯ ಹುಡುಗ, ಇಳಿದು ತಂಬಾಕು ತಿಕ್ಕುತ್ತಿದ್ದ.

"ಎಪ್ಪಾ, ಹೊಳಿ ಬಂದಾಗ ಈ ಗಾಡಿ ಎಲ್ಲಿತ್ತು?"

"ಇಲ್ಲೇ ಇತ್ತ ಮಾವಶಿ. ನೀರ ಬಂದಾಗ ಮಾಳದ ಮ್ಯಾಲ ನಿಲ್ಲಿಸಿದ್ವಿ. ಇಳದ ಮ್ಯಾಲ ಐದ ದಿನಾ ಸಾವಕಾರ್ರ ದ್ರಾಕ್ಷಿ ತ್ವಾಟದಾಗಿನ ಕೆಸರ ತಗದೀನಿ ನಾ. ಅವರ ಅಳಿಯಂದ ಗಾಡಿ."

ತುಳಸವ್ವ ಗಾಡಿಯ ಬಕೆಟ್ಟು ನೋಡಿದಳು. "ಹತ್ತೊಂಬತ್ತ ಎಮ್ಮಿ ಇದ್ರ ಎಷ್ಟ ಹೊತ್ತ ಹಿಡೀತಿತ್ತು?"

ಹುಡುಗ ನಕ್ಕ. ಅವನಿಗೆ ಏನೂ ಗೊತ್ತಿರಲಿಲ್ಲ. "ಒಂದ ದೊಡ್ಡ ಗುಂಡಿ ಹೊಡದ್ರ ಆತು ಮಾವಶಿ. ಮುಂಜಾನೆ ಚಾಲು ಮಾಡಿದ್ರ ಮಧ್ಯಾಹ್ನದ ಊಟದೊಳಗ ಮುಗೀತಿತ್ತು."

ತುಳಸವ್ವ ಆಗಲಿ ಎಂಬಂತೆ ತಲೆಯಾಡಿಸಿದಳು. ಕೊಯ್ತಾ ಹೆಗಲಿಗೆ ಹಾಕಿಕೊಂಡು ನಡೆಯತೊಡಗಿದಳು. ನೀಲಮ ಹಿಂದೆ ನಡೆದಳು. ಶಿರಗುಪ್ಪಿಯ ದಾರಿ ಅರ್ಧ ಸವೆಯಿತು. ಆಮೇಲೆ ತುಳಸವ್ವ ದಾರಿಯ ನಡುವೆ ನಿಂತು ಮಗಳ ಕಡೆ ತಿರುಗಿದಳು.

"ಊಟದೊಳಗ ಮುಗೀತಿತ್ತಂತ, ನೀಲಿ," ಎಂದಳು.